ಕೊಡ, ಕುಡುಗೋಲು, ಕಂಬಳಿ

ಪರದೆ ಕಟ್ಟಿಸಿದ್ದು ನಾನೇ. ಹಳಿಯಾಳದಲ್ಲಿ ಹಸಿರು ಬಟ್ಟೆ ಕೊಂಡು, ತಂತಿಗೆ ಪೋಣಿಸಿ, ನನ್ನ ಮೇಜಿಗೂ ನರ್ಸ್ ಕೂರುವ ಬೆಂಚಿಗೂ ನಡುವೆ ಎಳೆಸಿದೆ. ರೋಗಿ ಹೇಳುವ ಮಾತು ವೈದ್ಯರ ಕಿವಿಗೆ ಮಾತ್ರ ಬೀಳಬೇಕು, ಅದು ರೋಗಿಯ ಹಕ್ಕು ಎಂದು ಸಿಬ್ಬಂದಿಗೆ ಒಂದು ಚಿಕ್ಕ ಭಾಷಣವನ್ನೂ ಮಾಡಿದೆ. ಭಾಷಣದಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ಪರದೆ ಬಂದದ್ದು ರೋಗಿಯ ಹಕ್ಕಿಗಾಗಿ ಅಲ್ಲ, ನನ್ನ ಹೊಟ್ಟೆಕಿಚ್ಚಿಗಾಗಿ.

ಹಳಿಯಾಳ ದಾಟಿ ಜೋಯಿಡಾ ಕಡೆ ಹೋಗುವಾಗ ಕಬ್ಬಿನ ಹೊಲಗಳು ಮುಗಿದು ಕಾಡು ಶುರುವಾಗುವಲ್ಲಿ ನಮ್ಮ ಸರ್ಕಾರಿ ಆರೋಗ್ಯ ಕೇಂದ್ರ. ಊರಿನ ಹೆಸರು ಬೇಡ, ಇದರಲ್ಲಿ ಬರುವವರು ಇನ್ನೂ ಆ ಕಡೆಯೇ ಇದ್ದಾರೆ. ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನನಗೆ ಇಪ್ಪತ್ತೇಳು ವರ್ಷ, ಆ ಕೇಂದ್ರಕ್ಕೆ ಬಂದ ಮೊದಲ ಹೆಣ್ಣು ಡಾಕ್ಟರು ನಾನು. ಹೆಂಗಸರೆಲ್ಲ ಓಡಿ ಬಂದು ನನ್ನ ಮುಂದೆ ಮನಸ್ಸು ಬಿಚ್ಚುತ್ತಾರೆ ಎಂದು ಧಾರವಾಡದಿಂದ ಹೊರಡುವಾಗಲೇ ಅಂದುಕೊಂಡಿದ್ದೆ. ಓಡಿ ಬಂದದ್ದು ನಿಜ. ಮನಸ್ಸು ಬಿಚ್ಚಿದ್ದು ನರ್ಸ್ ಮುಂದೆ.

ನರ್ಸ್‌ಗೆ ಐವತ್ತರ ಹತ್ತಿರ ವಯಸ್ಸು. ಇಪ್ಪತ್ತು ವರ್ಷದಿಂದ ಅದೇ ಕೇಂದ್ರದಲ್ಲಿದ್ದರು. ಸುತ್ತಲಿನ ಹಳ್ಳಿಗಳಲ್ಲಿ ಅರ್ಧಕ್ಕರ್ಧ ಮಕ್ಕಳು ಅವರ ಕೈಯಲ್ಲೇ ಹುಟ್ಟಿದವು. ಊರವರು ಅವರನ್ನು ಅಕ್ಕಾರು ಎನ್ನುತ್ತಿದ್ದರು, ಇಲ್ಲಿ ನಾನೂ ಹಾಗೇ ಬರೆಯುತ್ತೇನೆ. ನಾನು ರೋಗಿಯನ್ನು ನೋಡಿ, ಔಷಧದ ಚೀಟಿ ಬರೆದು, ಹೇಗೆ ತೆಗೆದುಕೊಳ್ಳಬೇಕೆಂದು ಎರಡೆರಡು ಸಲ ವಿವರಿಸಿ ಕಳಿಸುತ್ತಿದ್ದೆ. ಆಕೆ ನನ್ನ ಮೇಜಿನಿಂದ ಎದ್ದವಳೇ ನೇರ ಅಕ್ಕಾರ ಬೆಂಚಿಗೆ ಹೋಗಿ ಚೀಟಿ ಮುಂದೆ ಹಿಡಿಯುತ್ತಿದ್ದಳು.

"ಡಾಕ್ಟರಬಾಯಾರು ಇದನ್ನ ಬರದಾರ. ತಗೊಳ್ಳಲೇನ್ರಿ ಅಕ್ಕಾರ?"

"ತಗೋ ತಗೋ. ಚಲೋ ಗುಳಿಗಿ ಐತಿ."

ನಾನು ವರ್ಷಗಟ್ಟಲೆ ನಿದ್ದೆಗೆಟ್ಟು ಓದಿದ್ದಕ್ಕೆ ದಿನಕ್ಕೆ ಹತ್ತಾರು ಸಲ ಹೀಗೆ ಅವರ ಮೊಹರು ಬೀಳುತ್ತಿತ್ತು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಅವರೇನಾದರೂ ಗರ್ವದಿಂದ ಹೇಳಿದ್ದರೆ ಬೈಯಬಹುದಿತ್ತು. ಅಕ್ಕಾರು ಸಿರಿಂಜು ಕುದಿಸುತ್ತ, ತಲೆ ಎತ್ತದೆ, ಉಸಿರಾಡಿದಷ್ಟು ಸಹಜವಾಗಿ ಹೇಳುತ್ತಿದ್ದರು.

ಪರದೆ ಕಟ್ಟಿಸಿದ ದಿನವೇ ಒಂದು ನಿಯಮವನ್ನೂ ಮಾಡಿದೆ. ರೋಗಿಯ ಹಿಂದಿನ ಕಥೆ ಕೇಳಿ ಬರೆಯುವುದು ನನ್ನ ಕೆಲಸ. ನರ್ಸ್ ಬಿಪಿ ನೋಡಬೇಕು, ಇಂಜೆಕ್ಷನ್ ಕೊಡಬೇಕು, ನಡುವೆ ಮಾತು ಸೇರಿಸಬಾರದು. ಅಕ್ಕಾರು ಒಂದು ಗಳಿಗೆ ನನ್ನ ಮುಖ ನೋಡಿ, "ಆತ್ರಿ ಮೇಡಂ," ಎಂದರು. ಜಗಳ ಆಡಿದ್ದರೆ ನನಗೆ ಹೆಚ್ಚು ಸಮಾಧಾನವಾಗುತ್ತಿತ್ತು.

ಆ ಹೆಂಗಸು ಬಂದದ್ದು ಇದಾಗಿ ಕೆಲವು ವಾರಕ್ಕೆ, ಇನ್ನೂ ಬೇಸಿಗೆ. ಮೂವತ್ತಾರರ ಆಸುಪಾಸಿನವಳು, ನೋಡಿದರೆ ಐವತ್ತು ಎನ್ನಬೇಕು. ದಾಂಡೇಲಿ ಕಡೆ ಹೋಗುವ ಲಾರಿಗಳಿಗೆ ಬಿದಿರು ತುಂಬುವ ಕೆಲಸ ಮಾಡುತ್ತಿದ್ದ ಗಂಡ ಕೈ ಹಿಡಿದು ಕರೆತಂದಿದ್ದ. ನನಗೆ ಫ್ಯಾನ್ ಕೆಳಗೂ ಬೆವರು ಇಳಿಯುತ್ತಿದ್ದರೆ ಆಕೆ ಕಂಬಳಿ ಹೊದ್ದಿದ್ದಳು.

"ಎಲ್ಲಾ ಮರೀತಾಳ್ರೀ," ಎಂದ ಗಂಡ. "ಒಲಿ ಮ್ಯಾಲೆ ಅನ್ನಕ್ಕ ಇಟ್ಟದ್ದು ಮರೀತಾಳ. ನೀರಿಗೆ ಹ್ವಾದಾಕಿ ಕೊಡ ಬಾವಿ ಕಡೆನ ಬಿಟ್ಟು ಬರ್ತಾಳ. ಮೊನ್ನಿ ಮಗಳ ಹೆಸರು ನೆನಪಾಗವಲ್ದು ಅಂತ ಕುಂತು ಅಳಾಕ ಹತ್ತಿದ್ಳು. ಒಂದ ಮಗಳೈತ್ರಿ ನಮಗ, ಅದರ ಹೆಸರು."

ಮರೆವನ್ನು ಅಳೆಯಲು ನಮಗೆ ಕಲಿಸಿದ್ದ ಒಂದು ಸರಳ ಪರೀಕ್ಷೆ ಇದೆ. ಮೂರು ಸಾಮಾನಿನ ಹೆಸರು ಹೇಳಬೇಕು, ರೋಗಿ ಅದನ್ನು ತಿರುಗಿ ಹೇಳಬೇಕು, ಐದು ನಿಮಿಷ ಬೇರೆ ಮಾತಾಡಿ ಮತ್ತೆ ಕೇಳಬೇಕು. ನಾನು ಆಕೆಯ ಮನೆಯಲ್ಲಿ ಇರಬಹುದಾದ್ದನ್ನೇ ಆರಿಸಿದೆ: ಕೊಡ, ಕುಡುಗೋಲು, ಕಂಬಳಿ. ಆಕೆ ನಿಧಾನವಾಗಿ, ಒಡಕು ದನಿಯಲ್ಲಿ ಮೂರನ್ನೂ ಹೇಳಿದಳು. ಐದು ನಿಮಿಷದ ಮೇಲೆ ಕೇಳಿದರೆ, "ಯಾವ ಹೆಸರ್ರೀ?" ಎಂದಳು.

ಆ ಐದು ನಿಮಿಷದಲ್ಲಿ ಮಗಳಿಗೆಷ್ಟು ವರ್ಷ ಎಂದು ಕೇಳಿದ್ದೆ. ಆಕೆಯ ಊದಿದ ಮುಖದಲ್ಲಿ ಅದೇ ಮೊದಲ ಸಲ ಜೀವ ಕಾಣಿಸಿತು.

"ನಮ್ಮ ನೆಗೆಣ್ಣಿಗೆ ಕೇಳ್ರಿ. ಎದಿ ಹಾಲು ಅಕಿ ಕುಡಿಸ್ಯಾಳ. ಮಗಳು ಅಕೀದಾಗ್ಯಾಳ. ನನ್ನ ಕಡೆ ಬರೂದ ಇಲ್ಲ."

"ನನ್ನ ತಮ್ಮನ ಹೆಂಡ್ತಿ ಬಗ್ಗೆ ಹೇಳಾಕತ್ಯಾಳ್ರಿ," ಎಂದು ಗಂಡ ನಾಚಿಕೊಂಡ. "ಅದೊಂದ ಮರೆಯೂದಿಲ್ಲ ನೋಡ್ರಿ ಇಕಿ. ಒಂಬತ್ತ ವರ್ಷ ಆತು, ಹಿಡಕೊಂಡ ಕುಂತಾಳ."

ನಾನು ಕೇಸ್ ಪೇಪರಿನಲ್ಲಿ 'ಮನೆಯಲ್ಲಿ ಮನಸ್ತಾಪ' ಎಂದು ಬರೆದು ಮುಂದಕ್ಕೆ ಹೋದೆ. ಎಲ್ಲ ಮರೆತು ಹೊಟ್ಟೆಕಿಚ್ಚೊಂದನ್ನು ಮಾತ್ರ ಉಳಿಸಿಕೊಂಡ ಹೆಂಗಸು! ನನ್ನದೇ ಮುಖ ಕನ್ನಡಿಯಲ್ಲಿ ಕಂಡ ಹಾಗಾಯಿತು. ಆ ಮಾತು ಮುಂದುವರಿಯುವುದು ನನಗೆ ಬೇಡವಾಗಿತ್ತು. ಅದೇ ಹೊತ್ತಿಗೆ ಪರದೆಯ ಅಂಚು ಸ್ವಲ್ಪ ಸರಿದು ಅಕ್ಕಾರ ಮುಖ ಕಾಣಿಸಿತು.

"ಏನು ಬೇಕಾಗಿತ್ತು ಸಿಸ್ಟರ್?" ಎಂದೆ, ಏನೂ ಬೇಡ ಎನ್ನುವಂತೆ.

"ಏನಿಲ್ರಿ ಮೇಡಂ." ಪರದೆ ಮುಚ್ಚಿತು.

ಹೊರಡುವಾಗ ಆಕೆ ಬೆಂಚಿನ ಹತ್ತಿರ ನಿಂತು, "ಅಕ್ಕಾರ, ಆರಾಮ ಅದೀರಿ? ನಿಮ್ಮ ಮಣಕಾಲ ನೋವು ಹೆಂಗೈತ್ರಿ?" ಎಂದು ಕೇಳಿದ್ದು ಪರದೆಯ ಈಚೆ ನನಗೆ ಸ್ಪಷ್ಟವಾಗಿ ಕೇಳಿಸಿತು. ಮಗಳ ಹೆಸರು ನಿಲ್ಲದ ತಲೆಯಲ್ಲಿ ಅಕ್ಕಾರ ಮೊಣಕಾಲು ನೋವು ಭದ್ರವಾಗಿ ಕೂತಿತ್ತು. ಮುಂದಿನ ವಾರ ಆಕೆ ಮತ್ತೆ ಬಂದಾಗ ನನ್ನೆದುರು ಕೂತು ಕೇಳಿದ ಮೊದಲ ಮಾತು, "ನೀವು ಹೊಸದಾಗಿ ಬಂದೀರೇನ್ರಿ?"

ಆಮೇಲೂ ಎರಡು ಸಲ ಬಂದಳು. ಎರಡು ಸಲವೂ ಅದನ್ನೇ ಕೇಳಿದಳು. ಬಂದಾಗಲೆಲ್ಲ ನಾನು ಕೊಡ, ಕುಡುಗೋಲು, ಕಂಬಳಿ ಎಂದೆ, ಐದು ನಿಮಿಷಕ್ಕೆ ಅವು ಮಾಯವಾದವು. ನನ್ನಲ್ಲಿ ಒಂದು ಹಟ ಹುಟ್ಟಿತು. ಈಕೆಯ ಮರೆವನ್ನು ವಾಸಿ ಮಾಡಬೇಕು, ಮಾಡಿದ ಮೇಲೆ ಆ ತಲೆಯಲ್ಲಿ ಮೊದಲು ನಿಲ್ಲುವ ಮುಖ ನನ್ನದಾಗಿರಬೇಕು. ವೈದ್ಯೆಗೆ ಇಂಥ ಆಸೆ ಇರಬಾರದು ಎಂದು ಗೊತ್ತಿತ್ತು. ಆದರೂ ಇತ್ತು.

ಕ್ವಾರ್ಟರ್ಸಿನಲ್ಲಿ ಹಾಸಿಗೆಯ ಕೆಳಗಿದ್ದ ಪೆಟ್ಟಿಗೆಯಿಂದ ಪಠ್ಯಪುಸ್ತಕ ತೆಗೆದೆ. ನೆನಪು ಮಿದುಳಿನ ಕೆಲಸ ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಆದರೆ ಮಿದುಳು ಒಬ್ಬಂಟಿಯಾಗಿ ಏನನ್ನೂ ನೆನಪಿಡುವುದಿಲ್ಲ. ಕುತ್ತಿಗೆಯ ಥೈರಾಯ್ಡ್ ಗ್ರಂಥಿ ತನ್ನ ಹಾರ್ಮೋನನ್ನು ಕಳಿಸದಿದ್ದರೆ ನರಕೋಶಗಳ ಕೆಲಸ ನಿಧಾನವಾಗುತ್ತದೆ, ಕೇಳಿದ ಮಾತು ಅಚ್ಚೊತ್ತುವ ಮೊದಲೇ ಅಳಿಸಿಹೋಗುತ್ತದೆ. ಮೂತ್ರಪಿಂಡದ ತಲೆಯ ಮೇಲೆ ಕೂತ ಪುಟ್ಟ ಗ್ರಂಥಿಗಳಿಂದ ಕಾರ್ಟಿಸಾಲ್ ಬರುತ್ತದೆ. ಅದು ಅತಿಯಾದರೂ ನೆನಪು ಕೆಡುತ್ತದೆ, ಇಲ್ಲವಾದರೂ ಕೆಡುತ್ತದೆ. ಹೆದರಿಕೆಯಾದಾಗ ನುಗ್ಗುವ ಅಡ್ರಿನಲಿನ್ ಆ ಗಳಿಗೆಯನ್ನು ತಲೆಯಲ್ಲಿ ಮೊಳೆ ಹೊಡೆದು ಕೂರಿಸುತ್ತದೆ. ಇವೆಲ್ಲ ಪರೀಕ್ಷೆಗೆ ಓದಿದ್ದೇ, ಅಂಕ ಬಂದ ಮೇಲೆ ಮರೆತದ್ದೇ.

ಚಳಿ, ಒಣಗಿದ ಚರ್ಮ, ಒಡಕು ದನಿ, ಊದಿದ ಮುಖ, ಮಂದಗತಿ. ಮುಟ್ಟು ಯಾವತ್ತೋ ನಿಂತಿದೆ ಎಂದಿದ್ದಳು. ನಾಲ್ಕನೇ ಸಲ ಬಂದಾಗ ಹಿಮ್ಮಡಿಯ ಮೇಲಿನ ಸ್ನಾಯುರಜ್ಜಿಗೆ ರಬ್ಬರ್ ಸುತ್ತಿಗೆಯಿಂದ ತಟ್ಟಿ ನೋಡಿದೆ. ಪಾದ ಒದ್ದಿತು, ಆದರೆ ಹಿಂದಕ್ಕೆ ಬರಲು ಬಹಳ ಹೊತ್ತು ತೆಗೆದುಕೊಂಡಿತು. ಥೈರಾಯ್ಡ್ ಕೊರತೆಯ ಗುರುತು ಅದು. ಗುಳಿಗೆ ಕೊಟ್ಟರೆ ವಾಸಿಯಾಗುವ ಮರೆವು. ಖುಷಿಗೆ ಕುಣಿದಾಡುವುದೊಂದು ಬಾಕಿ.

ರಕ್ತ ಪರೀಕ್ಷೆ ಹುಬ್ಬಳ್ಳಿಯಲ್ಲಿ ಆಗಬೇಕು. ರಕ್ತ ತೆಗೆದು, ತಿಳಿನೀರು ಬೇರ್ಪಡುವವರೆಗೆ ಕಾದು, ಅದನ್ನು ಸಣ್ಣ ಬಾಟಲಿಗೆ ಬಸಿದು, ಮಂಜುಗಡ್ಡೆಯಲ್ಲಿಟ್ಟು ಬಸ್ಸಿನ ಕಂಡಕ್ಟರ ಕೈಗೆ ಕೊಡಬೇಕು. ಮಂಜುಗಡ್ಡೆ ಇದ್ದದ್ದು ಲಸಿಕೆಯ ಡಬ್ಬಿಯಲ್ಲಿ, ಅದು ಅಕ್ಕಾರ ಸುಪರ್ದಿ. ಕೇಳಬೇಕಾಯಿತು. ಅವರು ಯಾಕೆ, ಯಾರಿಗೆ ಎನ್ನದೆ ಬಾಟಲಿಯ ಸುತ್ತ ನೀಟಾಗಿ ಐಸ್ ತುಂಬಿ, ಮೇಲೆ ಹತ್ತಿ ಹೊದಿಸಿ, ಮುಚ್ಚಳಕ್ಕೆ ಪಟ್ಟಿ ಅಂಟಿಸಿ ಕೊಟ್ಟರು.

ಐದನೇ ದಿನ ಅದೇ ಕಂಡಕ್ಟರು ಫಲಿತಾಂಶದ ಕಾಗದ ತಂದುಕೊಟ್ಟ. ಥೈರಾಯ್ಡ್ ಹಾರ್ಮೋನು ತೀರ ಕಡಿಮೆ. ನಾನು ಮೇಜು ಗುದ್ದಿದೆ. ಆದರೆ ಕೆಳಗೆ ಇನ್ನೊಂದು ಸಾಲಿತ್ತು. ತಲೆಬುರುಡೆಯ ತಳದಲ್ಲಿ, ಮಿದುಳಿಗೆ ಜೋತುಬಿದ್ದ ಕಡಲೆಕಾಳಿನಷ್ಟು ಪಿಟ್ಯುಟರಿ ಗ್ರಂಥಿಯಿದೆ. ದೇಹದ ಬೇರೆ ಗ್ರಂಥಿಗಳಿಗೆ ಹುಕುಂ ಹೋಗುವುದು ಅಲ್ಲಿಂದ. ಥೈರಾಯ್ಡ್ ಸೋಮಾರಿಯಾದರೆ ಪಿಟ್ಯುಟರಿ ದನಿ ಏರಿಸಿ ಕೂಗಬೇಕು, ಆ ಕೂಗಿನ ಅಳತೆ ಕಾಗದದಲ್ಲಿ ಹೆಚ್ಚಿರಬೇಕು. ಇಲ್ಲಿ ಅದು ಹೆಚ್ಚಿರಲಿಲ್ಲ. ಹಾರ್ಮೋನು ಪಾತಾಳದಲ್ಲಿದ್ದರೂ ಪಿಟ್ಯುಟರಿ ಸುಮ್ಮನಿತ್ತು.

ಆ ಸಾಲಿನ ಪಕ್ಕ ಪೆನ್ಸಿಲಿನಿಂದ ಪ್ರಶ್ನೆಯ ಗುರುತು ಹಾಕಿದೆ. ಹತ್ತು ನಿಮಿಷ ಅದನ್ನೇ ನೋಡಿದೆ. ಆಮೇಲೆ, ನಾಚಿಕೆಯಿಲ್ಲದೆ ಬರೆಯುತ್ತೇನೆ, ನನಗೆ ಹೊಳೆದದ್ದು ಇಷ್ಟು: ಐಸ್ ಸರಿಯಾಗಿ ತುಂಬಿಲ್ಲ. ಬಸ್ಸಿನ ಸೆಕೆಯಲ್ಲಿ ರಕ್ತ ಕೆಟ್ಟಿದೆ, ಆದ್ದರಿಂದ ಅಳತೆ ತಪ್ಪಿದೆ. ತಪ್ಪು ಅಕ್ಕಾರದ್ದು. ಅವರು ತುಂಬುವುದನ್ನು ನನ್ನ ಕಣ್ಣಾರೆ ನೋಡಿದ್ದೆ, ಆದರೂ ಆ ವಿಚಾರ ಎಷ್ಟು ಹಿತವಾಗಿತ್ತೆಂದರೆ ರಬ್ಬರ್ ತೆಗೆದುಕೊಂಡು ಪ್ರಶ್ನೆಯ ಗುರುತನ್ನು ಅಳಿಸಿಬಿಟ್ಟೆ.

ಥೈರಾಯ್ಡ್ ಗುಳಿಗೆಯನ್ನು ಕಾಲು ಭಾಗದಿಂದ ಶುರುಮಾಡಿ ವಾರವಾರಕ್ಕೆ ಏರಿಸುವುದು ಜಾಣತನ. ನಾನು ಮೊದಲ ದಿನವೇ ಪೂರ್ತಿ ಪ್ರಮಾಣ ಬರೆದೆ. ನನಗೆ ಅವಸರವಿತ್ತು. ನಾಲ್ಕನೇ ದಿನ ಗಂಡ ಬಂದು, "ಎದ್ದು ಅಂಗಳ ಗುಡಿಸಿದ್ಳ್ರೀ ಬಾಯಾರ," ಎಂದಾಗ, ಪರದೆಯಾಚೆಗೂ ಕೇಳಲಿ ಎಂದು, "ಇನ್ನೇನ್ ನೋಡೀರಿ, ಇನ್ನೊಂದ ತಿಂಗಳದಾಗ ಎಲ್ಲಾ ನೆನಪಾಗತೈತಿ," ಎಂದು ಗಟ್ಟಿಯಾಗಿ ಹೇಳಿದೆ.

ಅದಾಗಿ ವಾರ ಕಳೆದಿರಬೇಕು. ಗುರುವಾರ, ಲಸಿಕೆಯ ದಿನ. ಮಳೆ ಹಿಡಿದಿತ್ತು, ಗದ್ದೆಗಳಲ್ಲಿ ನಾಟಿ ನಡೆದಿತ್ತು. ಅಕ್ಕಾರ ಬೆಂಚಿನ ಸುತ್ತ ಕೂಸುಗಳು, ಅವುಗಳ ಅಳು. ಬಿದಿರಿನ ಲಾರಿಯೊಂದು ಬಾಗಿಲ ಮುಂದೆ ನಿಂತಿತು. ಗಂಡ ಆಕೆಯನ್ನು ಎರಡು ಕೈಯಲ್ಲಿ ಎತ್ತಿಕೊಂಡು ಇಳಿದ.

ಎರಡು ದಿನದಿಂದ ವಾಂತಿ. ಬೆಳಿಗ್ಗೆ ಎದ್ದವಳು ಬಿದ್ದಿದ್ದಳು, ಆಮೇಲೆ ಮಾತಿಲ್ಲ. ನಾಡಿ ಬೆರಳಿಗೆ ಸಿಗುತ್ತಿರಲಿಲ್ಲ. ಬಿಪಿ ಎಪ್ಪತ್ತರಲ್ಲಿ ಕೇಳಿಸಿತು, ಕೆಳಗಿನದು ಕೇಳಿಸಲೇ ಇಲ್ಲ. ಮೈ ತಣ್ಣಗಿತ್ತು, ಜ್ವರವಿಲ್ಲ. ಪರದೆ ಎಳೆದುಕೊಂಡು ಕೆಲಸಕ್ಕೆ ಇಳಿದೆ. ರಕ್ತದ ಸಕ್ಕರೆ ನೋಡುವ ಯಂತ್ರ ನಮ್ಮಲ್ಲಿರಲಿಲ್ಲ, ಅಂದಾಜಿನ ಮೇಲೆ ಗ್ಲೂಕೋಸ್ ಏರಿಸಿದೆ. ಕಣ್ಣು ಬಿಟ್ಟಳು. ಸಲೈನ್ ಬಾಟಲಿ ಒಂದು ಮುಗಿಯಿತು, ಇನ್ನೊಂದು ಹಚ್ಚಿದೆ. ಬಿಪಿ ಅಲ್ಲಿಂದ ಅಲುಗಲಿಲ್ಲ. ವಾಂತಿಭೇದಿ ಎನ್ನೋಣವೆಂದರೆ ಭೇದಿಯಿಲ್ಲ. ಮಲೇರಿಯಾ ಎನ್ನೋಣವೆಂದರೆ ಜ್ವರವಿಲ್ಲ. ಪುಸ್ತಕದ ಪುಟಗಳೆಲ್ಲ ಒಮ್ಮೆಗೇ ತಲೆಯಲ್ಲಿ ಹಾರಾಡತೊಡಗಿದವು, ಒಂದೂ ಕೈಗೆ ಸಿಗಲಿಲ್ಲ. ಹೆಂಗಸು ನನ್ನ ಕಣ್ಣ ಮುಂದೆ ಸಾಯುತ್ತಿದ್ದಳು.

ಆಕೆ ತುಟಿ ಅಲ್ಲಾಡಿಸಿದಳು. ಬಗ್ಗಿ ಕಿವಿ ಕೊಟ್ಟೆ.

"ಹಾಲು... ಅಕಿ ಕುಡಿಸ್ಯಾಳ."

ಅದೇ ಮಾತು. ಮೊದಲ ದಿನ 'ಮನಸ್ತಾಪ' ಎಂದು ಬರೆದು ಮುಗಿಸಿದ ಮಾತು. ಈ ಸಲ ನಾನು ಗಂಡನ ಕಡೆ ತಿರುಗಿದೆ.

"ನೆಗೆಣ್ಣಿ ಯಾಕ ಕುಡಿಸಿದ್ರು? ಇವರಿಗೇನಾಗಿತ್ತು?"

"ಬರಲೇ ಇಲ್ಲಲ್ರಿ ಬಾಯಾರ. ಒಂದ ಹನಿ ಬರಲಿಲ್ಲ. ಸಬ್ಬಸಗಿ, ಬಳ್ಳೊಳ್ಳಿ, ಅಳವಿ ಪಾಯಸ, ಎಲ್ಲಾ ಕೊಟ್ಟು ನೋಡಿದ್ರು. ದೃಷ್ಟಿ ಆಗೈತಿ ಅಂದ್ರು. ತಮ್ಮನ ಹೆಂಡ್ತಿಗೆ ಕೈಗೂಸಿತ್ತು, ಅಕಿ ಎರಡಕ್ಕೂ ಕುಡಿಸಿದ್ಳು."

"ಹೆರಿಗಿ ಹೆಂಗಾತು?"

"ನಾ ಊರಾಗ ಇರಲಿಲ್ರಿ, ಬಿದಿರ ಕಡಿಯಾಕ ಹೋಗಿದ್ನಿ. ಅಕ್ಕಾರಿಗೆ ಗೊತ್ತು. ಅಕ್ಕಾರ ಇದ್ರು."

ಅಕ್ಕಾರು ಇದ್ದದ್ದು ಪರದೆಯ ಆಚೆ, ನಾಲ್ಕು ಹೆಜ್ಜೆ ದೂರದಲ್ಲಿ. ಆ ನಾಲ್ಕು ಹೆಜ್ಜೆ ಇಡುವಾಗ ನನಗಾದ ಸಂಕಟವನ್ನು ಮುಚ್ಚಿಡುವುದಿಲ್ಲ. ಸಾಯುವವಳು ಕಾಟಿನ ಮೇಲಿದ್ದಾಗಲೂ, ಇವರನ್ನು ಕೇಳಬೇಕಲ್ಲ ಎನ್ನುವುದೇ ನನಗೆ ದೊಡ್ಡದಾಗಿತ್ತು. ಪರದೆಯನ್ನು ಕೈಯಿಂದ ಪೂರ್ತಿ ಸರಿಸಿದೆ.

"ಸಿಸ್ಟರ್, ಇವರ ಹೆರಿಗಿ ನಿಮಗ ನೆನಪೈತೇನು?"

ಅಕ್ಕಾರು ಮಡಿಲಲ್ಲಿದ್ದ ಕೂಸನ್ನು ತಾಯಿಗೆ ಕೊಟ್ಟು ಎದ್ದರು. "ನೆನಪಿಲ್ಲದ ಏನ್ರಿ ಮೇಡಂ. ಮಧ್ಯಾಹ್ನ ಆಗಿತ್ತು. ಇಕಿ ಮನಿಗೆ ನಾ ಕಟ್ಟಿಕೊಂಡ ಹ್ವಾದ ರೊಟ್ಟಿ ಇನ್ನೂ ಬಿಚ್ಚಿರಲಿಲ್ಲ. ಕೂಸು ಆರಾಮ ಬಂತು, ಮಾಸು ಬರಲಿಲ್ಲ. ರಕ್ತ ಶುರುವಾತು. ಹಳದಿ ಸೀರಿ ಉಟ್ಟಿದ್ಳು, ಅದರಾಗ ಒಂದ ಬಟ್ಟಷ್ಟ ಹಳದಿ ಉಳೀಲಿಲ್ಲ. ಹೊಟ್ಟಿ ಒತ್ತಿ ಹಿಡಕೊಂಡ ಕುಂತ್ನಿ, ಲಾರಿ ಸಿಗೂತನಕ. ಲಾರಿಯಾಗೂ ಒತ್ತಿ ಹಿಡದ ಇದ್ನಿ. ದೊಡ್ಡ ದವಾಖಾನಿ ಮುಟ್ಟೂತನಕ ಮೂರು ಸಲ ಕಣ್ಣ ಮ್ಯಾಲೆ ಮಾಡಿದ್ಳು. ಅಲ್ಲಿ ರಕ್ತ ಏರಿಸಿದ್ರು, ಉಳಕೊಂಡ್ಳು. ಆಮ್ಯಾಲೆ ಹಾಲು ಬರಲಿಲ್ಲ, ಮುಟ್ಟೂ ಬರಲಿಲ್ಲ. ಬಗಲಾಗಿನ ಕೂದಲಾ ಸೈತ ಉದುರಿ ಹ್ವಾದುವು ಅಂತ ನನ್ನ ಮುಂದ ಅತ್ತಿದ್ಳು."

ಇಂಥದ್ದರ ಬಗ್ಗೆ ಪುಸ್ತಕದಲ್ಲಿ ಅರ್ಧ ಪುಟವಿದೆ, ಕೊನೆಯ ವರ್ಷದಲ್ಲಿ ಒಮ್ಮೆ ಓದಿದ್ದೆ. ಬಸುರಿನಲ್ಲಿ ಪಿಟ್ಯುಟರಿ ಉಬ್ಬಿರುತ್ತದೆ, ಅದಕ್ಕೆ ಹೆಚ್ಚು ರಕ್ತ ಬೇಕು. ಹೆರಿಗೆಯಲ್ಲಿ ಮಿತಿಮೀರಿ ರಕ್ತ ಹೋದರೆ ಅದು ಒಣಗಿ ಸಾಯುತ್ತದೆ. ಹಾಲಿಗೆ ಹುಕುಂ ಕೊಡುವುದು ಅದೇ, ಮುಟ್ಟಿಗೆ ಅದೇ, ಥೈರಾಯ್ಡಿಗೆ ಅದೇ, ಕಾರ್ಟಿಸಾಲಿಗೂ ಅದೇ. ಕಾಗದದ ಆ ಸಾಲು ತಪ್ಪಾಗಿರಲಿಲ್ಲ. ಐಸ್ ಕರಗಿರಲಿಲ್ಲ. ಕೂಗಬೇಕಾದ ಗ್ರಂಥಿ ಒಂಬತ್ತು ವರ್ಷದ ಹಿಂದೆಯೇ ಸತ್ತಿತ್ತು.

ಇನ್ನೂ ಕೆಟ್ಟದ್ದು ಆಮೇಲೆ ಹೊಳೆಯಿತು. ಆಕೆಯ ದೇಹ ಅಷ್ಟೂ ವರ್ಷ ಇದ್ದಬದ್ದ ಚೂರು ಕಾರ್ಟಿಸಾಲಿನಲ್ಲಿ ನಿಧಾನವಾಗಿ ಬದುಕುವುದನ್ನು ಕಲಿತಿತ್ತು. ನಾನು ಥೈರಾಯ್ಡ್ ಗುಳಿಗೆ ಕೊಟ್ಟು ಅದನ್ನು ಓಡಿಸಿದೆ. ಓಟಕ್ಕೆ ಆ ಚೂರೂ ಖರ್ಚಾಯಿತು. ಇಂಥವರಿಗೆ ಮೊದಲು ಕಾರ್ಟಿಸಾಲ್ ಕೊಡಬೇಕು, ಥೈರಾಯ್ಡ್ ಆಮೇಲೆ. ಆಕೆಯನ್ನು ಈ ಕಾಟಿಗೆ ತಂದದ್ದು ರೋಗವಲ್ಲ, ನನ್ನ ಚೀಟಿ.

"ಇದನ್ನ ಮೊದಲ ಯಾಕ ಹೇಳಲಿಲ್ಲ ಸಿಸ್ಟರ್?" ಎಂದೆ.

"ಹಿಂದಿನ ಕಥಿ ನೀವ ಕೇಳ್ತೀನಿ ಅಂದಿದ್ರಿ ಮೇಡಂ," ಎಂದರು ಅಕ್ಕಾರು. ಚುಚ್ಚುವ ದನಿಯಲ್ಲ. ಕೇಳಿದ್ದಕ್ಕೆ ಉತ್ತರ, ಅಷ್ಟೇ.

ಕಾರ್ಟಿಸಾಲಿಗೆ ಸಮನಾದ ಸ್ಟೀರಾಯ್ಡ್ ಇಂಜೆಕ್ಷನ್ ನಮ್ಮಲ್ಲಿ ಇದ್ದದ್ದು ಎರಡೇ ಬಾಟಲಿ, ಹಾವು ಕಚ್ಚಿದವರಿಗೆಂದು ಎತ್ತಿಟ್ಟ ಟ್ರೇಯಲ್ಲಿ. ಹಾವಿನ ಮದ್ದು ಕೆಲವರ ಮೈಗೆ ಒಗ್ಗದೆ ಉಸಿರು ಕಟ್ಟುತ್ತದೆ, ಆಗ ಅದು ಬೇಕು. ನಾಟಿಯ ಕಾಲ, ಕೆಸರಲ್ಲಿ ಕಾಲಿಡುವವರಿಗೆ ಹಾವು ಕಚ್ಚುವ ಕಾಲ. ಮತ್ತೆ ತರಿಸಲು ಎಷ್ಟು ದಿನವೋ. ಕೈಯಲ್ಲಿ ಪರೀಕ್ಷೆಯ ಪುರಾವೆಯಿಲ್ಲ. ಇದ್ದದ್ದು ನರ್ಸ್ ಒಬ್ಬರ ನೆನಪು, ಅದೂ ಒಂಬತ್ತು ವರ್ಷ ಹಳೆಯದು. ಆ ದಿನದ ಬೆಳಗಿನವರೆಗೂ ನಾನು ಪರದೆಯಾಚೆ ಇಟ್ಟಿದ್ದ ನೆನಪು.

"ಹಾವಿನ ಟ್ರೇದಾಗಿಂದು ತೆಗೀಲೇನ್ರಿ?" ನಾನು ಬಾಯಿ ಬಿಡುವ ಮೊದಲೇ ಅಕ್ಕಾರು ಕೇಳಿದರು. ಪರದೆ ಸರಿದ ಮೇಲೆ ಸಲೈನ್ ಕೆಲಸ ಮಾಡದಿದ್ದದ್ದನ್ನು ಅವರೂ ನೋಡಿದ್ದರು, ನನ್ನ ಕಣ್ಣು ಯಾವ ಕಪಾಟಿನ ಕಡೆ ಹೋಯಿತು ಎನ್ನುವುದನ್ನೂ.

"ತೆಗೀರಿ."

ಪುಡಿಗೆ ನೀರು ಬೆರೆಸಿ ರಕ್ತನಾಳಕ್ಕೆ ನಿಧಾನವಾಗಿ ಕೊಟ್ಟೆ. ಅಕ್ಕಾರು ಹತ್ತು ನಿಮಿಷಕ್ಕೊಮ್ಮೆ ಬಿಪಿ ನೋಡಿ ಗಟ್ಟಿಯಾಗಿ ಹೇಳುತ್ತಿದ್ದರು. ಎಪ್ಪತ್ತು. ಎಪ್ಪತ್ತು. ಎಪ್ಪತ್ತನಾಲ್ಕು. ಕೂಸುಗಳ ತಾಯಂದಿರು ಗೋಡೆಗೆ ಒರಗಿ ನಿಂತಿದ್ದರು. ಎಂಬತ್ತೆರಡು ಎಂದಾಗ, ಅಲ್ಲಿಯವರೆಗೆ ನಿಂತೇ ಇದ್ದ ಗಂಡ ನೆಲದ ಮೇಲೆ ಕೂತ. ಒಂದೂವರೆ ಗಂಟೆಯ ಮೇಲೆ ನೂರು ಮುಟ್ಟಿತು. ಆಕೆ ಕುತ್ತಿಗೆ ಹೊರಳಿಸಿ ನೋಡಿ, "ಅಕ್ಕಾರ," ಎಂದಳು. ಅಷ್ಟರಲ್ಲೂ ನನಗೆ ಕಿಚ್ಚೆದ್ದಿತು. ಸೂಜಿ ಹಿಡಿದದ್ದು ನಾನು!

ಹುಬ್ಬಳ್ಳಿಗೆ ಕರೆದೊಯ್ಯಲು ಜೀಪು ಬಂತು. ದ್ರವ ತೊಟ್ಟಿಕ್ಕುವುದನ್ನು ನೋಡಿಕೊಂಡು, ಹೊತ್ತಿಗೆ ಸರಿಯಾಗಿ ಎರಡನೇ ಬಾಟಲಿ ಕೊಡಲು ಜೊತೆಗೊಬ್ಬರು ಹೋಗಬೇಕಿತ್ತು. ನಾನೇ ಹೋಗಬೇಕೆಂದು ಏಪ್ರನ್ ಬಿಚ್ಚಿದೆ. ಆಕೆಯ ಮುಷ್ಟಿಯಲ್ಲಿ ಅಕ್ಕಾರ ಸೀರೆಯ ಸೆರಗಿತ್ತು. ಬಿಡಿಸಲು ಗಂಡ ಎರಡು ಸಲ ನೋಡಿದ, ಆಗಲಿಲ್ಲ. "ನೀವ ಹೋಗ್ರಿ ಸಿಸ್ಟರ್," ಎಂದೆ. ಉಳಿದ ಕೂಸುಗಳಿಗೆ ನಾನು ಲಸಿಕೆ ಹಾಕಿದೆ. ಅಕ್ಕಾರ ಕೈಗಿಂತ ನನ್ನ ಕೈಗೆ ಅವು ಹೆಚ್ಚು ಅತ್ತವು.

ಹಾವಿನ ಟ್ರೇ ನಾಲ್ಕು ದಿನ ಖಾಲಿಯಿತ್ತು. ದಿನಕ್ಕೆ ಹತ್ತು ಸಲ ಅದರ ಮುಚ್ಚಳ ತೆಗೆದು ನೋಡುತ್ತಿದ್ದೆ. ಪುಣ್ಯಕ್ಕೆ ಆ ನಾಲ್ಕು ದಿನ ಯಾರಿಗೂ ಹಾವು ಕಚ್ಚಲಿಲ್ಲ.

ಹುಬ್ಬಳ್ಳಿಯ ಹಿರಿಯ ವೈದ್ಯರು ಎಲ್ಲ ಪರೀಕ್ಷೆ ಮಾಡಿಸಿ ಕಾಗದ ಬರೆದರು. ನಮ್ಮ ಅಂದಾಜು ಸರಿಯಾಗಿತ್ತು. 'ಮೊದಲು ಸ್ಟೀರಾಯ್ಡ್, ಆಮೇಲೆ ಥೈರಾಯ್ಡ್. ಕ್ರಮ ತಪ್ಪಿದರೆ ಏನಾಗುತ್ತದೆಂದು ಇನ್ನು ನಿಮಗೆ ಯಾರೂ ಹೇಳಿಕೊಡಬೇಕಾಗಿಲ್ಲ' ಎಂದು ಕೊನೆಗೆ ಒಂದು ಸಾಲಿತ್ತು. ಕಾಗದವನ್ನು ಅಕ್ಕಾರಿಗೆ ಓದಿ ಹೇಳಿದೆ. ಆ ಸಾಲನ್ನೂ ಓದಿದೆ. ಮರುದಿನ ಅವರ ಬೆಂಚನ್ನು ಎತ್ತಿಸಿ ಪರದೆಯ ಈಚೆ, ನನ್ನ ಮೇಜಿನ ಪಕ್ಕಕ್ಕೆ ಹಾಕಿಸಿದೆ. ಅಕ್ಕಾರು ಬಂದು ಕೂತರು.

ಆಕೆ ಹುಬ್ಬಳ್ಳಿಯಿಂದ ಹೊರಟು ಮುಂಡಗೋಡ ಕಡೆಯ ತವರಿನಲ್ಲಿ ಉಳಿದಳು. ಗುಳಿಗೆ ಒಯ್ಯಲು ತಿಂಗಳಿಗೊಮ್ಮೆ ಗಂಡ ಬರುತ್ತಿದ್ದ. ಆ ತಿಂಗಳುಗಳಲ್ಲಿ ನನ್ನನ್ನು ಕಾಡಿದ ಒಂದು ವಿಚಾರವಿದೆ. ನಾವು ಮೂವರು ಹೆಂಗಸರು ಒಂದೇ ಕಾಟಿನ ಸುತ್ತ ಇದ್ದೆವು. ಹೆರಿಗೆಯ ಆ ಮಧ್ಯಾಹ್ನದ ಹೆದರಿಕೆ ಅಕ್ಕಾರ ತಲೆಯಲ್ಲಿ ಬಿಚ್ಚದ ರೊಟ್ಟಿಯನ್ನೂ ಹಳದಿ ಸೀರೆಯನ್ನೂ ಅಚ್ಚೊತ್ತಿಬಿಟ್ಟಿತ್ತು. ಆ ಗುರುವಾರದ ಹೆದರಿಕೆ ನನ್ನಲ್ಲಿ ಎಪ್ಪತ್ತು, ಎಪ್ಪತ್ತು, ಎಪ್ಪತ್ತನಾಲ್ಕು ಎಂಬ ಅಂಕಿಗಳನ್ನು ಉಳಿಸಿದೆ, ಆ ವರ್ಷ ಮತ್ತೇನು ನಡೆಯಿತೆಂದು ಕೇಳಿದರೆ ನನ್ನ ತಂಗಿಯ ಮದುವೆಯ ಊಟ ಕೂಡ ನೆನಪಿಲ್ಲ. ಆದರೆ ನೆನಪನ್ನು ಅಚ್ಚೊತ್ತುವ ರಸವೇ ಬತ್ತಿದ ಆಕೆಯ ಪಾಲಿಗೆ ಆ ದಿನಗಳು ಖಾಲಿ ಹಾಳೆ.

ಕೊಯ್ಲು ಮುಗಿದ ಮೇಲೆ ಒಂದು ದಿನ ಬಂದಳು. ಕಂಬಳಿ ಇರಲಿಲ್ಲ. ಮುಖದ ಊತ ಇಳಿದು ಮೂವತ್ತಾರು ಮೂವತ್ತಾರಾಗಿಯೇ ಕಾಣುತ್ತಿತ್ತು. ಒಂಬತ್ತು ವರ್ಷದ ಮಗಳು ಕೈ ಹಿಡಿದಿದ್ದಳು. ಚೀಲದಲ್ಲಿ ಗೆಣಸು ತಂದಿದ್ದಳು, ಅಕ್ಕಾರ ಕಾಲ ಬಳಿ ಇಟ್ಟಳು.

"ಎರಡ ಸಲ ಉಳಿಸಿದ್ರಿ ಅಕ್ಕಾರ ನನ್ನ," ಎಂದಳು. ದನಿಯ ಒಡಕೂ ಹೋಗಿತ್ತು. "ಒಂದ ಕೇಳೂದಿತ್ತು. ತಲ್ಯಾಗ ಮೂರು ಹೆಸರು ಕುಂತಾವ. ಒಲಿ ಮುಂದ ಕುಂತ್ರೂ ಬರ್ತಾವ, ನೀರಿಗೆ ಹ್ವಾದ್ರೂ ಬರ್ತಾವ. ಕೊಡ, ಕುಡುಗೋಲು, ಕಂಬಳಿ. ನೀವ ಹೇಳಿಕೊಟ್ಟಿದ್ರಿ ಅಲ್ಲ?"

ನನ್ನ ಮೂರು ಶಬ್ದ. ನಾಲ್ಕು ಸಲ ನಾನು ಹೇಳಿ, ನಾಲ್ಕು ಸಲವೂ ಐದು ನಿಮಿಷದಲ್ಲಿ ಅಳಿಸಿಹೋದವು ಎಂದುಕೊಂಡ ಶಬ್ದ. ಅವು ಎಲ್ಲೋ ಒಳಗೆ ಉಳಿದಿದ್ದವು, ಹೇಳಿದವಳು ಮಾತ್ರ ಉಳಿದಿರಲಿಲ್ಲ. ಆ ಜಾಗದಲ್ಲಿ ಆಕೆಯ ತಲೆ ತನಗೆ ಬೇಕಾದ ಮುಖವನ್ನು ಕೂರಿಸಿಕೊಂಡಿತ್ತು.

"ನಾ ಅಲ್ಲವಾ. ಈ ಮೇಡಂ," ಎಂದರು ಅಕ್ಕಾರು, ನನ್ನ ಕಡೆ ಕೈ ತೋರಿಸಿ. "ಆವತ್ತ ನಿನ್ನ ಜೀವ ಉಳಿಸಿದವರೂ ಇವರ. ನಾ ಬರೇ ಬಿಪಿ ನೋಡ್ದಾಕಿ."

ಆಕೆ ತಿರುಗಿ ನನ್ನನ್ನು ನೋಡಿದಳು, ಹೊಸಬರನ್ನು ನೋಡುವ ಹಾಗೆ. ಆಮೇಲೆ ಎದ್ದು ಕಾಲು ಮುಟ್ಟಲು ಬಗ್ಗಿದಳು. ವರ್ಷವಿಡೀ ನಾನು ಹಂಬಲಿಸಿದ್ದು ಅದೇ. ಅಕ್ಕಾರು ಅದನ್ನು ಗೆಣಸಿನ ಚೀಲ ಸರಿಸಿದಷ್ಟು ಸುಲಭವಾಗಿ ನನ್ನ ಕಡೆ ಸರಿಸಿದ್ದರು. ಕೊಡುವುದು ಅವರಿಗೆ ಅಷ್ಟು ಸುಲಭವಾದದ್ದಕ್ಕೂ ನನಗೆ ಹೊಟ್ಟೆಕಿಚ್ಚಾಯಿತು. ಆದರೆ ಆ ಕೈ ನನ್ನ ಪಾದ ಮುಟ್ಟುವುದನ್ನು ತಡೆದುಕೊಳ್ಳಲು ಆಗಲಿಲ್ಲ. ಅರ್ಧದಲ್ಲೇ ಹಿಡಿದೆ.

"ಕೇಳ್ರಿ ಇಲ್ಲೆ," ಎಂದೆ. "ನಿಮ್ಮ ಜೀವಕ್ಕ ಕುತ್ತು ತಂದಾಕಿನೂ ನಾನ. ಮೊದಲು ಕೊಡಬೇಕಾದ ಗುಳಿಗಿ ಬಿಟ್ಟು ಆಮ್ಯಾಲಿಂದನ್ನ ಮೊದಲು ಕೊಟ್ಟೆ. ಅದರಿಂದ ನೀವು ಬಿದ್ರಿ. ಅಕ್ಕಾರಿಗೆ ನಿಮ್ಮ ಹೆರಿಗಿ ನೆನಪಿತ್ತು, ಅದಕ್ಕ ಉಳದ್ರಿ. ನಾ ಮೊದಲ ಅವರನ್ನ ಕೇಳಿದ್ರ ನೀವು ಬೀಳ್ತಿರಲಿಲ್ಲ."

ಆಕೆ ಮಗಳ ತಲೆಯ ಮೇಲೆ ಕೈ ಇಟ್ಟುಕೊಂಡು ನನ್ನ ಮುಖವನ್ನು ಬಹಳ ಹೊತ್ತು ನೋಡಿದಳು. ಸಿಟ್ಟು ಬಂದಿತೋ ಇಲ್ಲವೋ ತಿಳಿಯಲಿಲ್ಲ. ಈ ಮುಖವನ್ನು ಇನ್ನು ಮರೆಯುವುದಿಲ್ಲ ಎನ್ನುವುದು ಮಾತ್ರ ತಿಳಿಯಿತು. ಆಮೇಲೆ ಮೇಜಿನ ಮೇಲೆ ನಾನು ಆಗಷ್ಟೇ ಬರೆದಿಟ್ಟಿದ್ದ ಹೊಸ ಚೀಟಿಯ ಕಡೆ ಕಣ್ಣು ಹೊರಳಿಸಿದಳು.

"ಹಂಗಾರ ಈ ಗುಳಿಗಿ?" ಎಂದಳು.

"ಇವು ಸರಿ ಅದಾವ."

ಆಕೆ ಚೀಟಿಗೆ ಕೈ ಚಾಚಲಿಲ್ಲ. ಅಕ್ಕಾರ ಕಡೆ ನೋಡಿದಳು. ಹೊಟ್ಟೆಯಲ್ಲಿ ಹಳೆಯ ಉರಿ ಎದ್ದಿತು, ಈಗಲೂ ಅಷ್ಟೇ ಬಿಸಿಯಾಗಿ. ನಾನು ಚೀಟಿ ಎತ್ತಿ, ಆಕೆ ಕೇಳುವ ಮೊದಲೇ ಅಕ್ಕಾರ ಕೈಗೆ ಕೊಟ್ಟು, "ನೀವೊಮ್ಮೆ ನೋಡ್ರಿ ಅಕ್ಕಾರ," ಎಂದೆ.